ಗಣೇಶನಿಲ್ಲದ ಫ್ಲಾಪಿ

ಕಂಪ್ಯೂಟರಿಗೆ ಬಟ್ಟೆ ಹೊದಿಸಿಕೊಂಡು ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಬಂಗಾರಪೇಟೆಯ ನನ್ನ ರಿಪೇರಿ ಅಂಗಡಿಗೆ ಒಬ್ಬ ಮೇಷ್ಟ್ರು ಬಂದರು. ಆಟೋದಿಂದ ಹಳೆಯ ಡೆಸ್ಕ್‌ಟಾಪ್ ಇಳಿಸಿ ಮೇಜಿನ ಮೇಲಿಟ್ಟು, "ಮೇಡಂ, ಗೇಮ್ ಆಡೋಣ ಅಂತ ಕೂತರೆ ಎಳೆಯುತ್ತೆ, ನಿಲ್ಲುತ್ತೆ. ಹೊಸದು ತಗೊಳ್ಳೋ ಆಸೆ ಇಲ್ಲ. ಇದಕ್ಕೇ ಸ್ವಲ್ಪ ಸ್ಪೀಡ್ ಬರೋ ಹಾಗೆ ಮಾಡಿಕೊಡಿ" ಅಂದರು. ಪೆಟ್ಟಿಗೆಗೆ ನೀಲಿ ಹೂವಿನ ಗವಸು, ಅಂಚಿಗೆ ಫ್ರಿಲ್ಲು, ಮುಂದೆ ಸ್ವಿಚ್ಚಿಗಷ್ಟೇ ಒಂದು ಕಿಂಡಿ.

"ಇದನ್ನ ಹಾಕಿಕೊಂಡೇ ಆನ್ ಮಾಡ್ತೀರಾ?"

"ಧೂಳು ಬೀಳಬಾರದಲ್ಲ ಮೇಡಂ. ನಮ್ಮ ಮನೆಯವರೇ ಹೊಲಿದದ್ದು."

"ನಿಮಗೆ ಕಂಬಳಿ ಹೊದಿಸಿ ಬಿಸಿಲಲ್ಲಿ ಓಡಿ ಅಂದರೆ ಓಡ್ತೀರಾ?" ಅಂತ ಕೇಳಿದೆ. ಮೇಷ್ಟ್ರ ಮುಖ ಸಣ್ಣದಾಯಿತು. ಗಿರಾಕಿಗಳ ಹತ್ತಿರ ಹೀಗೆ ಮಾತಾಡಬಾರದು ಎಂದು ನನಗೂ ಗೊತ್ತು. ಆದರೆ ಗವಸು ಕಿತ್ತು, ಸ್ಕ್ರೂ ಬಿಚ್ಚಿ, ಪಕ್ಕದ ತಗಡು ಸರಿಸಿದೊಡನೆ ಒಳಗಿಂದ ಬಂತು ನೋಡಿ ಆ ವಾಸನೆ. ಕಾದು ಸೀದ ಧೂಳು, ಅದರ ಜೊತೆ ಊದುಬತ್ತಿಯ ಘಮ. ಈ ಎರಡು ವಾಸನೆ ಒಟ್ಟಿಗೆ ಮೂಗಿಗೆ ಬಿದ್ದಾಗಲೆಲ್ಲ ನನಗೆ ಒಂದೇ ಒಂದು ವರ್ಷ ನೆನಪಾಗುತ್ತದೆ. ತೊಂಬತ್ತರ ದಶಕದ ನಡುವಿನ ಆ ಒಂದು ಗೌರಿ ಹಬ್ಬದಿಂದ ಆಯುಧಪೂಜೆವರೆಗಿನ ದಿನಗಳು. ಸಿಟ್ಟು ಆ ಮೇಷ್ಟ್ರ ಮೇಲಲ್ಲ.

ಆಗ ನನಗೆ ಇಪ್ಪತ್ತೊಂದು. ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿಂದ ಬೆಳಗಿನ ಬಸ್ಸಿಗೆ ರಾಬರ್ಟ್‌ಸನ್‌ಪೇಟೆಗೆ ಬಂದು, ಅಲ್ಲಿಂದ ಇನ್ನೊಂದು ಬಸ್ ಹಿಡಿದು ಬಂಗಾರಪೇಟೆಗೆ ಬರುತ್ತಿದ್ದೆ. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ, ಬಟ್ಟೆ ಅಂಗಡಿಯ ಮಹಡಿಯ ಮೇಲೆ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ. ಎಲ್ಲರೂ ಸೆಂಟರ್ ಅಂತಲೇ ಕರೆಯುತ್ತಿದ್ದರು. ಅಲ್ಲೇ ಡಿಪ್ಲೊಮಾ ಮುಗಿಸಿ ಅಲ್ಲೇ ಲ್ಯಾಬ್ ಅಸಿಸ್ಟೆಂಟ್ ಆಗಿದ್ದೆ. ಹೆಸರು ದೊಡ್ಡದು. ಮಾಡುತ್ತಿದ್ದುದು ಕಸ ಗುಡಿಸುವುದು, ಗವಸು ತೆಗೆದು ಮಡಚುವುದು, ಹುಡುಗಿಯರ ಬ್ಯಾಚಿಗೆ ಟೈಪಿಂಗ್ ಹೇಳಿಕೊಡುವುದು.

ಸೆಂಟರಿನ ಮಾಲೀಕರು ಪ್ರಭಾಕರ ಸರ್. ಅವರ ಕ್ಯಾಬಿನ್ನಿನಲ್ಲಿ ಒಂದು ಹೊಸ ಮೆಷೀನ್, ಅದಕ್ಕೊಂದು ಎಸಿ. ಹೊರಗಿನ ಹಾಲಿನಲ್ಲಿ ಎರಡು ಹಳೇ ತ್ರೀ-ಏಯ್ಟಿ-ಸಿಕ್ಸ್ ಕಂಪ್ಯೂಟರು, ತಲೆಯ ಮೇಲೆ ಒಂದು ಸೀಲಿಂಗ್ ಫ್ಯಾನು. ಚಪ್ಪಲಿ ಮೆಟ್ಟಿಲ ಹತ್ತಿರವೇ ಬಿಡಬೇಕು, ವೈರಸ್ ಕಾಲಿನಿಂದ ಬರುತ್ತದೆ ಎಂಬ ಹಾಗೆ. ನಾನು ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು ಬಂದರೂ ಅವರು ನನ್ನ ಪಾದ ನೋಡಿ, "ಹಳ್ಳಿ ಧೂಳು ತರಬೇಡಮ್ಮ ಮಂಜುಳ" ಎನ್ನುತ್ತಿದ್ದರು. ದಿನಾ ಅದೇ ಮಾತು. ದಿನಾ ನಗುತ್ತಲೇ ಹೇಳುತ್ತಿದ್ದರು, ನಾನು ಇನ್ನೊಮ್ಮೆ ಕಾಲು ಒರೆಸಿಕೊಳ್ಳುತ್ತಿದ್ದೆ.

ಹಾರ್ಡ್‌ವೇರ್ ಬ್ಯಾಚು ಹುಡುಗರಿಗೆ ಮಾತ್ರ. ಅದನ್ನು ನಡೆಸುತ್ತಿದ್ದವನು ಅವರ ಬಾಮೈದ ಗಿರೀಶ. ನಾನೂ ಕೂರುತ್ತೇನೆ ಎಂದು ಎರಡು ಸಲ ಕೇಳಿದ್ದೆ. ಪ್ರಭಾಕರ ಸರ್ ಎರಡು ಸಲವೂ, "ಸ್ಕ್ರೂಡ್ರೈವರ್ ಹಿಡಿಯೋದು ಹೆಣ್ಣುಮಕ್ಕಳ ಕೆಲಸ ಅಲ್ಲಮ್ಮ. ಷಾಕ್ ಹೊಡೆದರೆ ನಿಮ್ಮಪ್ಪನಿಗೆ ಯಾರು ಉತ್ತರ ಹೇಳೋದು" ಅಂದರು. ಅವರ ಮನೆಯ ಗ್ರೈಂಡರ್ ಷಾಕ್ ಹೊಡೆದಾಗ ಅದರಲ್ಲಿ ರುಬ್ಬುತ್ತಿದ್ದವರು ಯಾರು ಎಂದು ಕೇಳಬೇಕೆನಿಸಿತ್ತು.

ಆ ವರ್ಷ ಗೌರಿ ಹಬ್ಬ ಕಳೆದ ಮಾರನೇ ದಿನ ಅವರು ನಮ್ಮನ್ನೆಲ್ಲ ಕೂರಿಸಿ ಹೇಳಿದರು. ಆಯುಧಪೂಜೆಯ ದಿನ ರಾಬರ್ಟ್‌ಸನ್‌ಪೇಟೆಯಲ್ಲಿ ಬ್ರಾಂಚ್ ತೆರೆಯುತ್ತದೆ. ಹಾಲಿನ ಹಳೇ ಮೆಷೀನ್‌ಗಳಲ್ಲಿ ಒಂದು ಅಲ್ಲಿಗೆ ಹೋಗುತ್ತದೆ. "ಜನ ಬರಬೇಕು ಅಂದರೆ ಗೇಮ್ ಓಡಬೇಕು. ಈ ಮುದುಕಪ್ಪನ ಕೈಲಿ ಕಾರ್ ರೇಸ್ ಓಡಿಸಿ ತೋರಿಸಿದವರು ಯಾರೋ, ಅವರೇ ಅಲ್ಲಿ ಇನ್‌ಚಾರ್ಜ್. ಹುಡುಗರಾಗಲಿ, ಹುಡುಗಿಯರಾಗಲಿ."

ಕೊನೆಯ ಮಾತನ್ನು ಅವರು ನನ್ನ ಕಡೆ ನೋಡಿ ಹೇಳಿದರು. ಗಿರೀಶ ನಕ್ಕ. ನಾನು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡೆ.

ರಾಬರ್ಟ್‌ಸನ್‌ಪೇಟೆ ಎಂದರೆ ನಮ್ಮೂರಿಗೆ ಒಂದೇ ಬಸ್ಸು. ಇನ್‌ಚಾರ್ಜ್ ಎಂದರೆ ಬೀಗದ ಕೈ ನನ್ನದು, ಸ್ಕ್ರೂಡ್ರೈವರ್ ನನ್ನದು. ಅಪ್ಪನಿಗೆ ಹೇಳಿದೆ. ಅಪ್ಪ ಹಸುವಿಗೆ ಹುಲ್ಲು ಹಾಕುತ್ತಾ, "ದಸರಾ ಗಂಟ ನೋಡ್ತೀನಮ್ಮಿ. ಆಗ್ನಿಲ್ಲ ಅಂದ್ರೆ ಊರ ಡೈರೀಲಿ ಹಾಲು ಟೆಸ್ಟ್ ಮಾಡೋ ಕೆಲ್ಸ ಐತೆ, ಸೇರ್ಕೋ. ದಿನಾ ಎಲ್ಡು ಬಸ್ಸು ಅತ್ಕೊಂಡ್ ಓಗಿ ಅವರ ಮನೆ ಕಸ ಗುಡ್ಸೋದು ಸಾಕು" ಎಂದ. ಅಪ್ಪ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದಕ್ಕೇ ಹೆಚ್ಚು ಕೋಪ ಬಂತು.

ಆ ಮುದುಕಪ್ಪನ ಕಥೆ ಹೀಗಿತ್ತು. ಕಾರ್ ರೇಸ್ ಶುರು ಮಾಡಿದರೆ ಕಾರು ಎತ್ತಿನ ಗಾಡಿಯಂತೆ ಹೋಗುತ್ತಿತ್ತು. ಎರಡು ಹೆಜ್ಜೆ ಮುಂದೆ, ಒಂದು ಗಳಿಗೆ ಸುಮ್ಮನೆ, ಮತ್ತೆ ಎರಡು ಹೆಜ್ಜೆ. ಹತ್ತು ನಿಮಿಷಕ್ಕೆ ಒಂದು ಸೇತುವೆ ಬರುತ್ತಿತ್ತು, ಸರಿಯಾಗಿ ಅಲ್ಲಿಗೆ ಬಂದಾಗ ಎಲ್ಲ ನಿಂತುಹೋಗುತ್ತಿತ್ತು. ಕೀಲಿ ಒತ್ತಿದರೆ ಇಲ್ಲ, ಬೈದರೆ ಇಲ್ಲ. ಆ ಸೇತುವೆಯ ಆಚೆ ಏನಿದೆ ಎಂದು ಸೆಂಟರಿನಲ್ಲಿ ಯಾರೂ ನೋಡಿರಲಿಲ್ಲ.

ಅದನ್ನು ನೋಡಲೇಬೇಕು ಎಂದು ಹಟ ಹಿಡಿದಿದ್ದವರು ಒಬ್ಬರೇ, ಏಳುಮಲೈ ಅಣ್ಣ. ರಾಬರ್ಟ್‌ಸನ್‌ಪೇಟೆ ಪಕ್ಕದ ಕೋರಮಂಡಲ್‌ನವರು. ಚಿನ್ನದ ಗಣಿಯ ಒಳಗೆ ಗಾಳಿ ಎಳೆಯುವ ದೊಡ್ಡ ಫ್ಯಾನುಗಳನ್ನು ನೋಡಿಕೊಳ್ಳುತ್ತಿದ್ದ ಫಿಟರ್. ವಯಸ್ಸಿಗೆ ಮುಂಚೆಯೇ ಕೆಲಸ ಬಿಟ್ಟು, ಬಂಗಾರಪೇಟೆಯ ಅಂಗಡಿಗಳಲ್ಲಿ ವೈರಿಂಗ್ ಮಾಡಿಕೊಂಡಿದ್ದರು. ನಮ್ಮ ಸೆಂಟರಿನ ಸ್ಟೆಬಿಲೈಸರ್ ಸರಿಮಾಡಲು ಬಂದವರು ಒಂದು ದಿನ ಆ ಕಾರು ನೋಡಿ, "ನಾನೂ ಒಂದಾಟ ಆಡ್ಲಾ ಮ್ಮಾ?" ಎಂದು ಕೇಳಿದರು. ಅಂದಿನಿಂದ ವಾರಕ್ಕೆರಡು ಸಲ ಬೆಳಗಿನ ರೈಲಿಗೆ ಬಂದು, ಕೆಲಸ ಇರಲಿ ಬಿಡಲಿ, ಸೆಂಟರಿಗೆ ಹತ್ತಿ ಬರುವರು. ದಪ್ಪ ಬೆರಳುಗಳು, ಒಂದೊಂದೇ ಅಕ್ಷರ ಹುಡುಕಿ ಒತ್ತುವರು. ಸೇತುವೆಯ ಹತ್ತಿರ ಕಾರು ನಿಂತಾಗ ಎಲ್ಲರ ಹಾಗೆ ಮೇಜು ಕುಟ್ಟುತ್ತಿರಲಿಲ್ಲ. ಸುಮ್ಮನೆ ಕೂತು ಪೆಟ್ಟಿಗೆಯ ಸದ್ದು ಕೇಳಿಸಿಕೊಳ್ಳುತ್ತಿದ್ದರು.

ಆವತ್ತೂ ಕಾರು ನಿಂತಿತು. ಅವರು ಗವಸಿನ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿ, ಪೆಟ್ಟಿಗೆಯ ಹಿಂದೆ ಗೋಡೆ ಸಂದಿಗೆ ಕೈ ತೂರಿಸಿ ನೋಡಿ ಹೇಳಿದರು. "ಇದಕ್ಕೆ ಮೂಚು ಮುಟ್ಟುದು ಮ್ಮಾ. ಉಸಿರು ಕಟ್ಟುತ್ತೆ."

"ಮೆಷೀನಿಗೆ ಎಂಥ ಉಸಿರು ಅಣ್ಣ?"

"ಯಾಕಿಲ್ಲ? ನೆಲದೊಳಗೆ ಇಳಿಯೋರಿಗೆ ಮೊದಲ ಪಾಠ ಇದೇ. ಗಾಳಿ ಬರಕ್ಕೆ ಒಂದು ದಾರಿ, ಓಗಕ್ಕೆ ಒಂದು ದಾರಿ. ಎರಡರಲ್ಲಿ ಒಂದು ಮುಚ್ಚಿದ್ರೂ ಎಂಥ ಗಟ್ಟಿ ಆಳಾದ್ರೂ ಕೂತುಬಿಡ್ತಾನೆ. ಇಲ್ಲಿ ಎರಡೂ ಮುಚ್ಚಿದೀರಿ. ಮುಂದೆ ಬಟ್ಟೆ, ಹಿಂದೆ ಗೋಡೆ. ಪಾವಂ, ಇವನು ಸೇತುವೆವರೆಗೂ ಬರ್ತಾ ಇದಾನಲ್ಲ, ಅದೇ ದೊಡ್ಡದು."

ನನಗೆ ನಾಚಿಕೆಯಾಯಿತು. ದಿನಾ ಬೆಳಗ್ಗೆ ಮುಂದಿನ ಕಿಂಡಿ ಸರಿಯಾಗಿ ಕೂರುವಂತೆ ಗವಸು ಎಳೆದು ಹೊದಿಸುತ್ತಿದ್ದವಳು ನಾನೇ. ಪ್ರಭಾಕರ ಸರ್ ಮನೆಯವರು ಹೊಲಿದ ಗವಸು ಎಂದು ಸುಕ್ಕು ಬೀಳದಂತೆ ನೋಡಿಕೊಳ್ಳುತ್ತಿದ್ದೆ.

ಮುಂದಿನ ಭಾನುವಾರ ಪ್ರಭಾಕರ ಸರ್ ಕೋಲಾರಕ್ಕೆ ಹೋಗಿದ್ದರು. ಏಳುಮಲೈ ಅಣ್ಣ ತಮ್ಮ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ತಾವು ಬಿಚ್ಚದೆ ನನ್ನ ಕೈಗೆ ಕೊಟ್ಟರು. "ಮೊದಲು ಪ್ಲಗ್ ಕೀಳು. ಆಮೇಲೆ ಹೆದರೋದೇನೂ ಇಲ್ಲ." ನನ್ನ ಕೈಗೆ ಮೊದಲ ಸಲ ಸ್ಕ್ರೂಡ್ರೈವರ್ ಕೊಟ್ಟದ್ದು ಗಣಿಯ ಫಿಟರ್, ಕಂಪ್ಯೂಟರ್ ಸೆಂಟರಿನವರಲ್ಲ. ಈಗಲೂ ಅದನ್ನು ಹೇಳುವಾಗ ನನ್ನ ದನಿ ಏರುತ್ತದೆ.

ತಗಡು ತೆಗೆದರೆ ಒಳಗೆ ಒಂದು ಪೂಜೆಯ ಮನೆ. ಹಿಂದಿನ ವರ್ಷದ ಆಯುಧಪೂಜೆಯ ವಿಭೂತಿ, ಊದುಬತ್ತಿಯ ಬೂದಿ, ಕುಂಕುಮ, ಒಣಗಿದ ಚೆಂಡುಹೂವಿನ ಎಸಳು, ಎಲ್ಲ ಸಂದಿಗಳಿಂದ ಇಳಿದು ಧೂಳಿನ ಜೊತೆ ಸೇರಿ ಫ್ಯಾನಿನ ರೆಕ್ಕೆಗೆ ಮೆತ್ತಿಕೊಂಡಿತ್ತು. ಅದು ಬೆಚ್ಚಗಿತ್ತು. ಆ ವಾಸನೆಯೇ ನನಗೆ ಇವತ್ತೂ ಬರುವುದು. ಅಣ್ಣ ಬಣ್ಣ ಬಳಿಯುವ ಬ್ರಷ್ಷಿನಿಂದ ಗುಡಿಸಿದರು, ನಾನು ಸೈಕಲ್ ಪಂಪಿನಿಂದ ಊದಿದೆ. ಫ್ಯಾನಿಗೆ ಅಡ್ಡ ಬಿದ್ದಿದ್ದ ಅಗಲವಾದ ವೈರುಪಟ್ಟಿಗಳನ್ನು ಒಂದು ಕಡೆ ಸರಿಸಿ ಹೂ ಕಟ್ಟುವ ದಾರದಿಂದ ಬಿಗಿದೆ. ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಮೊಳ ಮುಂದೆ ಎಳೆದೆವು.

ಆಗ ಅವರು ಮುಂಭಾಗದಲ್ಲಿ ಕಾಗದ ಅಂಟಿಸಿದ್ದ ಒಂದು ಗುಂಡಿ ತೋರಿಸಿ ಅದೇನೆಂದು ಕೇಳಿದರು. ಟರ್ಬೊ ಗುಂಡಿ. ಅದನ್ನು ಒತ್ತಿದ್ದರೆ ಮೆಷೀನ್ ಪೂರ್ತಿ ವೇಗದಲ್ಲಿ ಓಡುತ್ತದೆ, ಇಲ್ಲದಿದ್ದರೆ ನಿಧಾನ. ಹೆಚ್ಚು ಓಡಿದರೆ ಮೆಷೀನ್ ಬೇಗ ಸವೆಯುತ್ತದೆ ಎಂದು ಪ್ರಭಾಕರ ಸರ್ ಅದನ್ನು ಬಿಡಿಸಿ, ಮೇಲೆ ಕಾಗದ ಅಂಟಿಸಿ, ಕೆಂಪು ಶಾಯಿಯಲ್ಲಿ ಮುಟ್ಟಬಾರದು ಎಂದು ಬರೆದಿದ್ದರು. ಅವರ ಸ್ಕೂಟರನ್ನೂ ಹಾಗೇ ಓಡಿಸುತ್ತಿದ್ದರು, ಸೈಕಲ್‌ನವರು ಹಿಂದೆ ಹಾಕಿ ಹೋಗುತ್ತಿದ್ದರು. ಎರಡು ವರ್ಷ ನಾವೆಲ್ಲ ಕೈಕಾಲು ಕಟ್ಟಿದ ಮೆಷೀನಿನ ಮುಂದೆ ಕೂತು ಅದನ್ನೇ ಬೈದಿದ್ದೆವು. ನಾನು ಕಾಗದ ಕಿತ್ತು ಗುಂಡಿ ಒತ್ತಿದೆ.

ಕಾರು ಈಗ ಬೇಗನೆ ಸೇತುವೆ ತನಕ ಬಂತು, ಅಲ್ಲಿ ಮತ್ತೆ ನಿಂತಿತು. ದಾರಿಯಲ್ಲೂ ನಡುನಡುವೆ ಕುಂಟುತ್ತಿತ್ತು. ಅದಕ್ಕೆ ಕಾರಣ ಗಾಳಿಯಲ್ಲ, ಜಾಗ. ಮೆಷೀನ್ ಆನ್ ಆದ ಕೂಡಲೇ ಕೆಲವು ಪ್ರೋಗ್ರಾಂಗಳು ಅದರ ನೆನಪಿನ ಜಾಗದಲ್ಲಿ ಬಂದು ಕೂರುತ್ತಿದ್ದವು. ಮೊದಲು ಗಣೇಶ, ಹೊಳೆಯುವ ಚುಕ್ಕೆಗಳಲ್ಲಿ, ಪೀಪಿ ಊದಿದಂಥ ಮಂಗಳವಾದ್ಯದ ಜೊತೆ. ಆಮೇಲೆ ವೈರಸ್ ಕಾಯುವುದು ಒಂದು, ಅದರ ಮೇಲೂ ನಂಬಿಕೆ ಸಾಲದೆ ಇನ್ನೊಂದು. ಮೂಲೆಯಲ್ಲಿ ಗಡಿಯಾರ. ಕನ್ನಡ ಟೈಪಿಂಗಿನದು. ಇವರೆಲ್ಲ ಕಾಲು ಚಾಚಿ ಮಲಗಿದರೆ ಆಟಕ್ಕೆ ಹೊಸಿಲಲ್ಲಿ ನಿಲ್ಲುವಷ್ಟೇ ಜಾಗ. ನಾನು ಒಬ್ಬೊಬ್ಬರನ್ನೇ ಎಬ್ಬಿಸಿ ಕಳಿಸಿದೆ, ಸೋಮವಾರ ಕೆಟ್ಟೆ.

ಬೆಳಗ್ಗೆ ಪ್ರಭಾಕರ ಸರ್ ಮೆಷೀನ್ ಆನ್ ಮಾಡಿದರೆ ಗಣೇಶ ಬರಲಿಲ್ಲ. ಹಾಲಿನಲ್ಲಿ ಇಪ್ಪತ್ತು ಜನರ ಮುಂದೆ, "ಗಣೇಶನನ್ನೇ ಓಡಿಸಿದೀಯಾ? ನಿಮ್ಮೂರಲ್ಲಿ ದೇವರು ದಿಂಡರು ಏನೂ ಇಲ್ವಾ?" ಎಂದರು. ಗಿರೀಶನ ಕೈಲಿ ಎಲ್ಲವನ್ನೂ ಮೊದಲಿನಂತೆ ಹಾಕಿಸಿ, ಸಾಲದೆಂಬಂತೆ ವೈರಸ್ ಕಾಯುವ ಮೂರನೆಯದೊಂದನ್ನೂ ಸೇರಿಸಿದರು; ಈಗ ಆಟ ಏಳಲೂ ಜಾಗ ಉಳಿಯಲಿಲ್ಲ. ಮೆಷೀನಿನ ಹಾರ್ಡ್ ಡಿಸ್ಕನ್ನು ಇನ್ನು ನಾನು ಮುಟ್ಟಕೂಡದು. ಗವಸನ್ನು ಮಾತ್ರ ಅವರು ಮರೆತರು. ಅದನ್ನು ನಾನು ಒಗೆಯಲು ಹಾಕಿದ್ದೇನೆ ಎಂದು ಹೇಳಿ ಮನೆಗೆ ಒಯ್ದು, ದಸರಾ ತನಕ ತರಲೇ ಇಲ್ಲ.

ಮುಟ್ಟಬೇಡ ಎಂದರೆ ಮುಟ್ಟದೆಯೇ ಮಾಡುತ್ತೇನೆ ಎಂದು ಹಲ್ಲು ಕಚ್ಚಿ ಕೂತೆ. ಅಂಗೈಯಗಲದ ಫ್ಲಾಪಿ ಡಿಸ್ಕಿನಿಂದಲೂ ಮೆಷೀನ್ ಎಬ್ಬಿಸಬಹುದು. ಆನ್ ಮಾಡುವಾಗ ಬಾಯಲ್ಲಿ ಫ್ಲಾಪಿ ಇದ್ದರೆ ಅದು ಹಾರ್ಡ್ ಡಿಸ್ಕಿನ ಮಾತು ಕೇಳದೆ ಫ್ಲಾಪಿ ಹೇಳಿದಂತೆ ಏಳುತ್ತದೆ. ಆಟಕ್ಕೆ ಬೇಕಾದದ್ದಷ್ಟೇ ಹಾಕಿ ಒಂದು ಫ್ಲಾಪಿ ಮಾಡಿದೆ. ಒಂದೆರಡು ಸಾಲು ಬದಲಿಸುವುದು, ಆರಿಸುವುದು, ಎಬ್ಬಿಸುವುದು, ಮತ್ತೆ ಬದಲಿಸುವುದು. ಊಟದ ಬಿಡುವಿನಲ್ಲಿ, ಬ್ಯಾಚು ಬಿಟ್ಟ ಮೇಲಿನ ಅರ್ಧ ಗಂಟೆಯಲ್ಲಿ, ಹದಿನೈದು ದಿನ. ಹೊರಗೆ ತುಂತುರು ಹಿಡಿದುಕೊಂಡಿತ್ತು. ನಮ್ಮೂರ ಹೊಲಗಳಲ್ಲಿ ರಾಗಿ ತೆನೆ ಬಿಚ್ಚುತ್ತಿತ್ತು, ಕಳೆ ಕೀಳಲು ನಾನಿಲ್ಲವೆಂದು ಅಮ್ಮ ಮುಖ ಊದಿಸಿಕೊಂಡಿದ್ದಳು.

ಒಂದು ಮಧ್ಯಾಹ್ನ ಕಾರು ಹಾಲು ಹರಿದಂತೆ ಹೋಯಿತು. ಏಳುಮಲೈ ಅಣ್ಣ ಪಕ್ಕದಲ್ಲೇ ಇದ್ದರು. ನಾನು ಎದ್ದು ಅವರನ್ನು ಕೂರಿಸಿದೆ. ಅವರು ಎರಡೂ ಕೈಯಲ್ಲಿ ಕೀಲಿ ಹಿಡಿದು, ತಿರುವುಗಳಲ್ಲಿ ತಾವೂ ವಾಲುತ್ತಾ, ಎಲ್ಲರನ್ನೂ ಹಿಂದೆ ಹಾಕಿ ಸೇತುವೆಯ ತನಕ ಬಂದರು. ಬಂದು, ಬ್ರೇಕ್ ಹಾಕಿ ನಿಲ್ಲಿಸಿಬಿಟ್ಟರು.

"ಓಡ್ತಾ ಇದೆ ಅಣ್ಣ. ಹೋಗಿ."

"ಬೇಡ ಮ್ಮಾ. ಕನ್ನಿಯಮ್ಮ ಬರ್ಲಿ. ಅವಳ ಮುಂದೆ ದಾಟ್ತೀನಿ."

ಕನ್ನಿಯಮ್ಮ ಅವರ ಹೆಂಡತಿ. ಗಣಿ ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಅವರ ಮಾತಿಗೆ ಬೆಲೆ ಕಡಿಮೆಯಾಗಿತ್ತಂತೆ. ಕಂಪ್ಯೂಟರ್ ಕಲಿಯುತ್ತಿದ್ದೇನೆ ಎಂದು ಹೇಳಿದರೆ, ಈ ವಯಸ್ಸಿಗೆ ಬಂಗಾರಪೇಟೆಯಲ್ಲಿ ಕಾಲ ಕಳೆಯಲು ಒಂದು ನೆಪ ಎಂದು ಆಕೆ ನಗುತ್ತಿದ್ದಳಂತೆ. ಬ್ರಾಂಚ್ ತೆರೆಯುವ ದಿನ ಆಕೆಯನ್ನೂ ಗಣಿ ಕಾರ್ಮಿಕರ ಲೈನ್ ಮನೆಗಳವರನ್ನೂ ಕರೆದು ತರುತ್ತೇನೆ, ಮೊದಲ ಆಟ ನನಗೇ ಬಿಡಬೇಕು ಎಂದು ಪ್ರಭಾಕರ ಸರ್ ಹತ್ತಿರ ಕೇಳಿ ಒಪ್ಪಿಸಿಕೊಂಡಿದ್ದರು. ಆ ಬ್ರಾಂಚಿನ ವೈರಿಂಗ್ ಪೂರ್ತಿ ಮಾಡಿದ್ದೂ ಅವರೇ.

ಪ್ರಭಾಕರ ಸರ್‌ಗೂ ಸೇತುವೆ ತನಕ ಓಡಿಸಿ ತೋರಿಸಿದೆ, ದಾಟುವುದನ್ನು ಅಣ್ಣನಿಗೇ ಬಿಟ್ಟೆ. ಅವರು ಕನ್ನಡಕ ಏರಿಸಿ ನೋಡಿ, "ಪರವಾಗಿಲ್ವೇ" ಎಂದರು. ಹೇಗೆ ಮಾಡಿದೆ ಎಂದು ಕೇಳಲಿಲ್ಲ. ಕೇಳಿದ್ದರೆ ಫ್ಲಾಪಿಯ ವಿಷಯ ಹೇಳುತ್ತಿದ್ದೆ. ಗಿರೀಶನೂ ಕೇಳಲಿಲ್ಲ, ಅವನಿಗೆ ಕೇಳುವುದು ಅವಮಾನ.

ಆಯುಧಪೂಜೆಯ ದಿನ ರಾಬರ್ಟ್‌ಸನ್‌ಪೇಟೆಯ ರಸ್ತೆಯೆಲ್ಲ ಒಡೆದ ಬೂದುಗುಂಬಳ. ಸೈಕಲ್ಲಿಗೆ, ಲಾರಿಗೆ, ಹೊಲಿಗೆ ಮೆಷೀನಿಗೆ, ತಕ್ಕಡಿಗೆ, ಎಲ್ಲದಕ್ಕೂ ಚೆಂಡುಹೂವು. ಬ್ರಾಂಚಿನ ಬಾಗಿಲಿಗೆ ಬಾಳೆಕಂದು ಕಟ್ಟಿದ್ದರು. ಹೊರಗೆ ತುಂತುರಿನಲ್ಲಿ ನೂರು ಜೊತೆ ಚಪ್ಪಲಿ ನೆನೆಯುತ್ತಿದ್ದವು. ನಾನು ಮೊದಲ ಬಸ್ಸಿಗೆ ಬಂದು ಮೆಷೀನ್ ಜೋಡಿಸಿ, ಫ್ಲಾಪಿ ಹಾಕಿ, ಆಟ ಓಡಿಸಿ ನೋಡಿ, ಪೂಜೆಗೆಂದು ಆರಿಸಿದ್ದೆ. ಫ್ಲಾಪಿ ಬಾಯಲ್ಲೇ ಇತ್ತು. ಗಿರೀಶ ವಿಭೂತಿ ತಟ್ಟೆ ಹಿಡಿದು ಪೆಟ್ಟಿಗೆಯ ಸಂದಿಗಳ ಮೇಲೆ ಬಳಿಯಲು ಬಂದಾಗ ಅವನ ಮಣಿಕಟ್ಟು ಹಿಡಿದು, "ಮುಂಭಾಗಕ್ಕೆ ಮಾತ್ರ" ಎಂದೆ. ಅವನು ನನ್ನನ್ನು ದುರುಗುಟ್ಟಿ ನೋಡಿದ.

ಎರಡನೇ ಸಾಲಿನಲ್ಲಿ ಏಳುಮಲೈ ಅಣ್ಣ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಪಕ್ಕದಲ್ಲಿ ಮೂಗಿಗೆ ಎರಡೂ ಕಡೆ ಮೂಗುತಿ ಹಾಕಿದ ಹೆಂಗಸು. ನನಗೆ ಕಣ್ಣಲ್ಲೇ ತೋರಿಸಿದರು, ಇವಳೇ ಎಂದು.

ಪ್ರಭಾಕರ ಸರ್ ಮೈಕ್ ಹಿಡಿದರು. ಕೋಲಾರದಿಂದ ಬಂದಿದ್ದ ಯಾರೋ ದೊಡ್ಡ ಮನುಷ್ಯರಿಗೆ ಹಾರ ಹಾಕಿಸಿ ಮಾತು ಶುರು ಮಾಡಿದರು. ಹಳೇ ಮೆಷೀನ್ ಎಂದರೆ ಕಸ ಅಲ್ಲ, ಕೈಗುಣ ಇದ್ದರೆ ಹಳೆಯದೂ ಹೊಸದರ ಹಾಗೆ ಓಡುತ್ತೆ ಎಂದರು. ನಾನು ಒಂದು ಹೆಜ್ಜೆ ಮುಂದೆ ಬಂದೆ. "ಇದಕ್ಕೆ ಜೀವ ಕೊಟ್ಟವನು ನಮ್ಮ ಗಿರೀಶ. ಹಗಲೂ ರಾತ್ರಿ ಕೂತು ಮಾಡಿದಾನೆ. ಇನ್ನು ಮೇಲೆ ಈ ಬ್ರಾಂಚಿಗೆ ಅವನೇ ಇನ್‌ಚಾರ್ಜ್." ಚಪ್ಪಾಳೆ. ಮೈಕನ್ನು ಸ್ವಲ್ಪ ಪಕ್ಕಕ್ಕೆ ಹಿಡಿದು, ಆದರೆ ಎಲ್ಲರಿಗೂ ಕೇಳುವ ಹಾಗೆ, "ಮಂಜುಳ, ಬಂದವರಿಗೆಲ್ಲ ಕೋಸಂಬರಿ ಕೊಡಮ್ಮ" ಎಂದರು.

ನನ್ನ ಕೈಯಲ್ಲಿ ನಿಜವಾಗಿಯೂ ಕೋಸಂಬರಿಯ ದೊನ್ನೆಗಳ ತಟ್ಟೆ ಇತ್ತು. ಯಾವಾಗ ನನ್ನ ಕೈಗೆ ಕೊಟ್ಟರೋ ಗೊತ್ತಿಲ್ಲ. ಅಷ್ಟು ಕೋಪ ನನಗೆ ಅದಕ್ಕೆ ಮೊದಲು ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಗಿರೀಶ ಕೈ ಮುಗಿಯುತ್ತಿದ್ದ. ಹದಿನೈದು ದಿನ ಮಧ್ಯಾಹ್ನದ ಊಟ ಬಿಟ್ಟಿದ್ದವಳು ನಾನು, ಕೈ ಮುಗಿಯುತ್ತಿದ್ದವನು ಅವನು. ಎಲ್ಲರೆದುರು ಕೂಗಾಡಬಹುದಿತ್ತು. ಕೂಗಾಡಿದ್ದರೆ ಹಳ್ಳಿ ಹುಡುಗಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

ಮಂಗಳಾರತಿ ಶುರುವಾಯಿತು. ಗಂಟೆ, ಜಾಗಟೆ. ಎಲ್ಲರ ಕಣ್ಣೂ ಕರ್ಪೂರದ ಮೇಲೆ. ನಾನು ತಟ್ಟೆಯನ್ನು ಮೆಷೀನಿನ ಪಕ್ಕ ಇಟ್ಟೆ. ಎಡಗೈಯಿಂದ ಗುಂಡಿ ಒತ್ತಿದೆ, ಫ್ಲಾಪಿ ಹೊರಗೆ ಬಂತು. ಅದನ್ನು ಬ್ಯಾಗಿಗೆ ಹಾಕಿಕೊಂಡು, ಆರತಿಗೂ ಕೈ ಚಾಚದೆ, ಒದ್ದೆ ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿ ಬಸ್ ಸ್ಟ್ಯಾಂಡಿಗೆ ಬಂದು ನಿಂತೆ. ಏಳುಮಲೈ ಅಣ್ಣ ಬಂದಿದ್ದು ನಾನು ನೋಡಿದ್ದೆ. ಮೊದಲ ಆಟ ಅವರದು ಎಂದೂ ಗೊತ್ತಿತ್ತು. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಅವರಿರಲಿಲ್ಲ, ನಾನೊಬ್ಬಳೇ ಇದ್ದೆ.

ರಸ್ತೆಯ ಆಚೆಯಿಂದ ಗಣೇಶನ ಪೀಪಿ ಕೇಳಿಸಿತು. ದೊಡ್ಡ ಮನುಷ್ಯರು ಸ್ವಿಚ್ ಒತ್ತಿರಬೇಕು. ಜನ ಗಣೇಶನಿಗೆ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಮೈಕಿನ ಮಾತು ಲಾರಿಗಳ ಹಾರ್ನಿನಲ್ಲಿ ಕಲಸಿಹೋಗಿ ತಿಳಿಯಲಿಲ್ಲ. ನಮ್ಮೂರ ಬಸ್ಸು ಬರುವಷ್ಟರಲ್ಲಿ ಒಂದು ದೊಡ್ಡ ನಗು ಕೇಳಿಸಿತು. ಪ್ರಭಾಕರ ಸರ್ ಮರ್ಯಾದೆ ಹೋಯಿತು ಎಂದುಕೊಂಡೆ. ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ನಗುತ್ತಾ ಹೋದೆ.

ವಿಜಯದಶಮಿ ಕಳೆದ ಮಾರನೇ ದಿನ ಕೋರಮಂಡಲ್‌ಗೆ ಹೋದೆ. ಏಕೆ ಹೋದೆ ಎಂದರೆ, ಕೊಚ್ಚಿಕೊಳ್ಳಲು. ನಾನು ಹೇಗೆ ಪ್ರಭಾಕರ ಸರ್‌ಗೆ ಕೈ ಕೊಟ್ಟೆ ನೋಡಿ ಅಣ್ಣ ಎಂದು ಹೇಳಲು. ನಡೆದದ್ದನ್ನು ಪೂರ್ತಿ ಅರ್ಥ ಮಾಡಿಕೊಳ್ಳುವವರು ಈ ಭೂಮಿಯ ಮೇಲೆ ಅವರೊಬ್ಬರೇ ಎಂದು ನನಗೆ ಗೊತ್ತಿತ್ತು. ಲೈನ್ ಮನೆಗಳ ಸಾಲಿನಲ್ಲಿ ಕೇಳುತ್ತಾ ಹೋದರೆ ಬಾಗಿಲಲ್ಲಿ ಕನ್ನಿಯಮ್ಮ ಅಕ್ಕಿ ಕೇರುತ್ತಾ ಕೂತಿದ್ದರು.

"ನೀನೇನಾ ಮಂಜುಳ? ಒಳಗೆ ಬಾ. ಬಂದು ನಿಮ್ಮಣ್ಣನ ಮೂತಿ ನೋಡು. ಎರಡು ದಿನ ಆಯ್ತು, ನೆಟ್ಟಗೆ ಸಾಪಾಡು ಇಲ್ಲ, ಮಾತಿಲ್ಲ."

ಅವರು ಒಳಗೆ ಗೋಡೆಗೆ ಒರಗಿ ಕೂತು ಒಂದು ಟೇಬಲ್ ಫ್ಯಾನ್ ಬಿಚ್ಚಿಕೊಂಡಿದ್ದರು. ನನ್ನನ್ನು ನೋಡಿ ನಕ್ಕರು. ಕನ್ನಿಯಮ್ಮ ಮೊರ ಕೆಳಗಿಟ್ಟು ನಿಂತೇ ಹೇಳಿದರು.

"ಇಡೀ ಲೈನ್ ಜನಾನ ಕರ್ಕೊಂಡು ಓದ್ರು. ಬಾಪ್ಪಾ ಏಳುಮಲೈ, ಮೊದಲ ಆಟ ನಿಂದು ಅಂತ ಆ ಸಾರ್ ಮೈಕಲ್ಲಿ ಕರೆದ. ಇವರು ರಾಜನ ತರ ಓಗಿ ಕೂತ್ರು. ಒಂದೊಂದೇ ಅಕ್ಷರ ಒತ್ತಿದ್ರು. ಕಾರು ಬರಲಿಲ್ಲ, ಇಂಗ್ಲೀಷಲ್ಲಿ ಏನೋ ಬಂತು. ಜಾಗ ಇಲ್ಲ ಅಂತ ಬಂತಂತೆ. ಮತ್ತೆ ಒತ್ತಿದ್ರು. ಮತ್ತೆ ಅದೇ. ಮೂರನೇ ಸಲ ಒತ್ತೋಷ್ಟರಲ್ಲಿ ಆ ಸಾರ್ ಮೈಕಲ್ಲೇ ಹೇಳ್ದ, ಬೆಳಗ್ಗೆ ಸರಿ ಇತ್ತು, ಸುತ್ತಿಗೆ ಹಿಡಿಯೋ ಕೈಲಿ ಇದನ್ನ ಮುಟ್ಟಿದ್ರೆ ಇನ್ನೇನಾಗುತ್ತೆ ಅಂತ. ಎಲ್ಲಾರೂ ನಕ್ಕುಬಿಟ್ರು. ಅವನ ಬಾಮೈದ ಬಂದು ರಟ್ಟೆ ಹಿಡಿದು ಎಬ್ಬಿಸ್ದ. ನಾನು ನೋಡ್ತಾ ಕೂತಿದ್ದೆ."

ಬಸ್ ಸ್ಟ್ಯಾಂಡಿನಲ್ಲಿ ನನಗೆ ಕೇಳಿಸಿದ ನಗು ಅದು.

ನನ್ನ ಬ್ಯಾಗು ತೊಡೆಯ ಮೇಲಿತ್ತು. ಅದರೊಳಗೆ ಫ್ಲಾಪಿ ಇತ್ತು. ತೆಗೆದು ಅವರ ಮುಂದೆ ನೆಲದ ಮೇಲೆ ಇಟ್ಟೆ. ಕನ್ನಿಯಮ್ಮ ಅದನ್ನು ನೋಡಿದರು, ನನ್ನನ್ನು ನೋಡಿದರು. ಅದೇನೆಂದು ಆಕೆಗೆ ಗೊತ್ತಿಲ್ಲದಿದ್ದರೂ ನನ್ನ ಮುಖ ನೋಡಿ ಗೊತ್ತಾಯಿತು.

"ನೀವು ಹೇಳಬಹುದಿತ್ತಲ್ಲ ಅಣ್ಣ" ಎಂದೆ. "ಫ್ಲಾಪಿ ಇಲ್ಲ ಅಂತ ಒಂದು ಮಾತು. ನಿಮಗೆ ಗೊತ್ತಿತ್ತು."

"ಕೂತ ಕೂಡಲೇ ನೋಡಿದೆ ಮ್ಮಾ. ಬಾಯಿ ಖಾಲಿ ಇತ್ತು." ಅವರು ಫ್ಯಾನಿನ ಸ್ಕ್ರೂ ತಿರುಗಿಸುತ್ತಲೇ ಇದ್ದರು. "ಹೇಳಿದ್ರೆ ಬಸ್ ಸ್ಟ್ಯಾಂಡಿಗೆ ಓಡ್ತಿದ್ರು. 'ಕಳ್ಳಿ' ಅಂತ ಎಲ್ಲರ ಮುಂದೆ ನಿನ್ನ ಹಿಡ್ಕೊಂಡು ಬರ್ತಿದ್ರು. ಬಾಗಿಲಿಂದ ನೀನು ನಿಂತಿದ್ದು ಕಾಣ್ತಿತ್ತು. ಬಸ್ಸು ಬಂದಿರಲಿಲ್ಲ. ಅದಕ್ಕೇ ಮೂರು ಸಲ ಒತ್ತಿದೆ."

ಕನ್ನಿಯಮ್ಮ ಒಳಗೆ ಹೋಗಿ ಒಂದು ಲೋಟ ಕಾಫಿ ತಂದು ನನ್ನ ಮುಂದೆ ಇಟ್ಟರು. ಬೈದಿದ್ದರೆ ಎದ್ದು ಹೋಗಬಹುದಿತ್ತು. ಫ್ಲಾಪಿಯನ್ನು ಅಣ್ಣ ವಾಪಸು ನನ್ನ ಬ್ಯಾಗಿಗೇ ಹಾಕಿ, ನೀನೇ ಇಟ್ಟುಕೋ, ನಿನ್ನ ಕೆಲಸ ಅದು ಎಂದರು.

ಆ ಚಳಿಗಾಲ ನಾನು ಊರ ಡೈರಿ ಸೇರಿದೆ. ಪ್ರಭಾಕರ ಸರ್ ಎರಡು ಸಲ ಹೇಳಿ ಕಳಿಸಿದರು, ಹೋಗಲಿಲ್ಲ. ಅವರ ಮೇಲಿನ ಸಿಟ್ಟು ಕೆಲವು ವರ್ಷಕ್ಕೆ ಹಳತಾಯಿತು. ಅವರು ಎಂಥವರೆಂದು ನನಗೆ ಮೊದಲೇ ಗೊತ್ತಿತ್ತು, ನಂಬಿದ್ದು ನನ್ನ ತಪ್ಪು. ನನ್ನ ಮೇಲಿನ ಸಿಟ್ಟು ಮಾತ್ರ ಆವತ್ತು ಆ ಲೈನ್ ಮನೆಯಲ್ಲಿ ಹತ್ತಿದ್ದು ಇನ್ನೂ ಆರಿಲ್ಲ. ಏಳುಮಲೈ ಅಣ್ಣನನ್ನು ಆಮೇಲೆ ಎಷ್ಟೋ ಸಲ ಕರೆದೆ, ಎಲ್ಲಾದರೂ ಒಂದು ಮೆಷೀನ್ ಹುಡುಕುತ್ತೇನೆ, ಸೇತುವೆ ದಾಟೋಣ ಎಂದು. ನೋಡೋಣ ಮ್ಮಾ ಎನ್ನುತ್ತಿದ್ದರು. ಸ್ಕ್ರೂಡ್ರೈವರ್ ಕೆಲಸ ಮಾತ್ರ ಕೈಹಿಡಿದು ಕಲಿಸಿದರು. ನಾನು ಈ ಅಂಗಡಿ ತೆರೆಯುವ ಹೊತ್ತಿಗೆ ಅವರಿರಲಿಲ್ಲ.

ಸೇತುವೆಯ ಆಚೆ ಏನಿದೆ ಎಂದು ನಾನೂ ಇವತ್ತಿನವರೆಗೆ ನೋಡಿಲ್ಲ.

ಮೇಷ್ಟ್ರ ಮೆಷೀನಿನ ಕೆಲಸ ಮೂರು ಗಂಟೆಯದು. ಧೂಳು ಊದಿದೆ, ಫ್ಯಾನ್ ಬದಲಿಸಿದೆ, ಚಿಪ್ಪಿನ ಬಿಸಿ ಎಳೆಯುವ, ಒಣಗಿ ಹೋಗಿದ್ದ ಪೇಸ್ಟ್ ತೆಗೆದು ಹೊಸದು ಹಚ್ಚಿದೆ, ಆನ್ ಆದ ಕೂಡಲೇ ಬಂದು ಕೂರುತ್ತಿದ್ದ ಹದಿನಾರು ಪ್ರೋಗ್ರಾಂಗಳನ್ನು ಹೊರಗೆ ಕಳಿಸಿದೆ, ಒಂದು ರ‍್ಯಾಮ್ ಸೇರಿಸಿದೆ. ಆಟ ಚೆನ್ನಾಗಿ ಓಡಿತು. ಸಂಜೆ ಮೇಷ್ಟ್ರು ಬಂದು ಆಟೋ ನಿಲ್ಲಿಸಿ, ಎತ್ತಿಕೊಳ್ಳಲು ಕೈ ಹಾಕಿದರು.

"ಈಗಲೇ ಕೊಡಲ್ಲ" ಎಂದೆ. "ನಾಳೆ ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ. ಇಲ್ಲೇ ಕೂತು, ಅವರ ಮುಂದೆ ಒಂದು ಆಟ ಕೊನೆವರೆಗೂ ಆಡಿ. ಆಮೇಲೆ ತಗೊಂಡು ಹೋಗಿ."

"ಅವರು ಯಾಕೆ ಮೇಡಂ? ಅವರಿಗೆ ಇದೆಲ್ಲ ಗೊತ್ತಾಗಲ್ಲ."

"ಬನ್ನಿ ಅಂದರೆ ಬನ್ನಿ" ಎಂದೆ, ಸ್ವಲ್ಪ ಜೋರಾಗಿಯೇ. ಮೇಷ್ಟ್ರು ಹೆದರಿ ಒಂದು ಹೆಜ್ಜೆ ಹಿಂದೆ ಸರಿದರು.